ತೀರಿಹೋದ ಅಮ್ಮನ ಸೀರೆಯ ವಾಸನೆಯನ್ನು ಉಳಿಸಿಕೊಳ್ಳುವುದು ಹೇಗೆ?

ಒಗೆಯದೆ ಇಟ್ಟುಕೊಂಡಿರುವ ನಿಮ್ಮ ತಾಯಿಯವರ ಸೀರೆಯ ವಾಸನೆ ದಿನೇ ದಿನೇ ಕಡಿಮೆಯಾಗುತ್ತಿದೆ, ಅದನ್ನು ಪ್ಲಾಸ್ಟಿಕ್ ಚೀಲದಲ್ಲಿಡಬೇಕೋ ಟ್ರಂಕಿನಲ್ಲಿಡಬೇಕೋ ಎಂದು ಕೇಳಿದ್ದೀರಿ. ನಾನು ಟ್ರಂಕಿನಲ್ಲಿಟ್ಟು ಕಳೆದುಕೊಂಡೆ.

ನಮ್ಮೂರು ತೀರ್ಥಹಳ್ಳಿಯ ಕಡೆ. ಅಮ್ಮನ ವೈಕುಂಠ ಸಮಾರಾಧನೆ ಮುಗಿದ ಮರುದಿನ, ಅವಳು ಮನೆಯಲ್ಲಿ ಉಡುತ್ತಿದ್ದ ಹಸಿರಂಚಿನ ಹತ್ತಿ ಸೀರೆಯೊಂದನ್ನು ಹಾಗೆಯೇ ಮಡಚಿ ಬೆಂಗಳೂರಿಗೆ ತಂದೆ. ಸೆರಗಿನಲ್ಲಿ ಬಚ್ಚಲೊಲೆಯ ಹೊಗೆ, ಕೊಬ್ಬರಿ ಎಣ್ಣೆ, ಮೈಸೂರು ಸ್ಯಾಂಡಲ್ ಸೋಪು, ಒಗ್ಗರಣೆಯ ಇಂಗು, ಎಲ್ಲದರ ಅಡಿಯಲ್ಲಿ ಅವಳ ಬೆವರಿನ ತೆಳುವಾದ ಹುಳಿ ವಾಸನೆ ಇತ್ತು.

ಮಳೆಗಾಲ ಬಂತು. ಮುಗ್ಗಲು ಹಿಡಿದೀತು, ಹುಳು ತಿಂದೀತು ಎಂಬ ಭಯದಿಂದ ಸ್ಟೀಲ್ ಟ್ರಂಕಿನ ಮೂಲೆಯಲ್ಲಿ ನಾಲ್ಕು ನುಸಿಗುಳಿಗೆಗಳನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ಇಟ್ಟೆ. ಸೀರೆಗೆ ತಾಗದಂತೆ ದೂರದಲ್ಲಿಟ್ಟಿದ್ದೇನೆ, ಗಂಟೂ ಕಟ್ಟಿದ್ದೇನೆ, ಆದ್ದರಿಂದ ತೊಂದರೆಯಿಲ್ಲ ಎಂದುಕೊಂಡದ್ದೇ ನನ್ನ ತಪ್ಪು. ಆ ಗುಳಿಗೆಗಳಲ್ಲಿರುವ ನ್ಯಾಫ್ತಲೀನ್ ಕರಗಿ ನೀರಾಗದೆ ನೇರವಾಗಿ ಆವಿಯಾಗುತ್ತದೆ. ಆ ಆವಿಗೆ ಕರವಸ್ತ್ರದ ಗಂಟು ಅಡ್ಡಿಯಲ್ಲ, ಮೂಲೆಯೂ ದೂರವಲ್ಲ. ಮುಚ್ಚಿದ ಟ್ರಂಕಿನಿಂದ ಹೊರಗೆ ಹೋಗಲು ದಾರಿಯಿಲ್ಲದೆ ಅದು ಹತ್ತಿಯ ಎಳೆ ಎಳೆಯಲ್ಲೂ ಸೇರಿಕೊಂಡಿತು. ಅಮ್ಮನ ವರ್ಷಾಂತಿಕದ ದಿನ ಬೀಗ ತೆಗೆದಾಗ ಗುಳಿಗೆಗಳು ಕಡಲೆಕಾಳಿನಷ್ಟಾಗಿದ್ದವು, ಸೀರೆಯಲ್ಲಿ ಅವುಗಳ ನಾತವೊಂದೇ ಇತ್ತು. ಗಾಬರಿಯಲ್ಲಿ ಅದನ್ನು ಸೋಪಿನ ಪುಡಿಯಲ್ಲಿ ನೆನೆಸಿ ಒಗೆದು ಬಿಸಿಲಿಗೆ ಹಾಕಿದೆ. ಹೊಗೆಯೋ ಎಣ್ಣೆಯೋ ಅಡಿಯಲ್ಲಿ ಅಲ್ಪಸ್ವಲ್ಪ ಉಳಿದಿದ್ದರೆ ಅದೂ ಆ ನೀರಿನೊಡನೆ ಹೋಯಿತು. ನುಸಿಗುಳಿಗೆಯ ಬದಲು ಊರಿನಲ್ಲಿ ಅಮ್ಮನೇ ಬಟ್ಟೆಗಳ ನಡುವೆ ಇಡುತ್ತಿದ್ದ ಒಣಗಿದ ಸುರಗಿ ಹೂವನ್ನಾಗಲಿ ಲಾವಂಚದ ಬೇರನ್ನಾಗಲಿ ಇಟ್ಟಿದ್ದರೂ ಆ ವಾಸನೆ ಬದಲಾಗುತ್ತಿತ್ತು. ಆದರೆ ಅವಳ ಮನೆಯ ವಾಸನೆಯಾಗಿಯೇ ಉಳಿಯುತ್ತಿತ್ತು ಎಂಬುದನ್ನು ನೆನೆದಾಗ ಇಂದಿಗೂ ಸಂಕಟವಾಗುತ್ತದೆ.

ಆದ್ದರಿಂದ ಚೀಲವೋ ಟ್ರಂಕೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ವಾಸನೆಯೆಂದರೆ ವಸ್ತುವಿನಿಂದ ಬಿಟ್ಟು ಹೊರಟ ಅಣುಗಳು. ಸೀರೆ ಕಳೆದುಕೊಂಡದ್ದಷ್ಟೇ ನಿಮ್ಮ ಮೂಗಿಗೆ ದಕ್ಕುತ್ತದೆ. ಏನನ್ನೂ ಕಳೆದುಕೊಳ್ಳದ ಸೀರೆಗೆ ವಾಸನೆಯೂ ಇರುವುದಿಲ್ಲ. ನಿಂಬೆಸಿಪ್ಪೆಯ ಲಿಮೊನೀನ್‌ನಂತಹ ಹಗುರ ಅಣುಗಳು ಬೇಗ ಹಾರಿಹೋಗುತ್ತವೆ, ಗಂಧದೆಣ್ಣೆಯ ಸ್ಯಾಂಟಲಾಲ್‌ನಂತಹ ಭಾರವಾದವು ನಿಧಾನವಾಗಿ ಹೋಗುತ್ತವೆ, ಹೋಗುವುದಂತೂ ಖಚಿತ. ಇನ್ನೊಂದು ಮಾತು: ಒಂದೇ ವಾಸನೆಯನ್ನು ಕೆಲವು ನಿಮಿಷ ಮೂಸುತ್ತಲೇ ಇದ್ದರೆ ಮೂಗು ಅದಕ್ಕೆ ಒಗ್ಗಿಕೊಂಡುಬಿಡುತ್ತದೆ, ಹಾಗಾಗಿ ನಿಮಗೆ ಕಡಿಮೆಯೆನಿಸಿದ್ದೆಲ್ಲ ಸೀರೆಯಿಂದ ಹೋದದ್ದಲ್ಲ. ಸ್ವಲ್ಪ ಹೊತ್ತು ಹೊರಗೆ ಓಡಾಡಿ ಬಂದು ಮತ್ತೆ ಮೂಸಿ ನೋಡಿ.

ನಮ್ಮಲ್ಲಿ ವಾಸನೆ ಎಂಬ ಪದಕ್ಕೆ, ಹಿಂದಿನ ಅನುಭವವು ಮನಸ್ಸಿನಲ್ಲಿ ಬಿಟ್ಟುಹೋದ ಸಂಸ್ಕಾರ ಎಂಬ ಅರ್ಥವೂ ಇದೆ. ಪೂರ್ವಜನ್ಮದ ವಾಸನೆ ಎನ್ನುತ್ತೇವಲ್ಲ. ಈ ಎರಡರ ನಂಟು ದೇಹದಲ್ಲೂ ಇದೆ. ಮೂಗಿನಲ್ಲಿ ವಾಸನೆಯ ಅಣುಗಳನ್ನು ಗುರುತಿಸುವ ಸುಮಾರು 400 ಬಗೆಯ ಗ್ರಾಹಕಗಳಿವೆ. ಇವುಗಳ ಜೀನ್‌ಗಳನ್ನು 1991ರಲ್ಲಿ ಗುರುತಿಸಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ಆ ಗ್ರಾಹಕಗಳಿಂದ ಹೊರಟ ಸಂಕೇತವು ಮಿದುಳಿನಲ್ಲಿ ಭಾವನೆ ಮತ್ತು ನೆನಪಿನ ಭಾಗಗಳನ್ನು ಬಹಳ ಹತ್ತಿರದ ದಾರಿಯಲ್ಲೇ ಮುಟ್ಟುತ್ತದೆ. ಕಳೆದ ವರ್ಷ ಊರಿನಲ್ಲಿ ಅಣ್ಣ ಬಚ್ಚಲೊಲೆಗೆ ಒಣ ಅಡಿಕೆಸೋಗೆ ತುರುಕಿ ಬೆಂಕಿ ಹಚ್ಚಿದಾಗ, ಎಣ್ಣೆ ಹಚ್ಚಿಕೊಂಡು ಕುಳಿತಿದ್ದ ನನಗೆ, ಅಮ್ಮ ಹಿಂದೆ ನಿಂತು ಬೆನ್ನು ತಿಕ್ಕುತ್ತಿದ್ದಾಳೆ ಎಂದೇ ಅನಿಸಿತು. ಸೀರೆ ಆಗ ಬೆಂಗಳೂರಿನಲ್ಲಿತ್ತು.

ನನ್ನ ಮಾತು ಕೇಳುವುದಾದರೆ ಸೀರೆಯನ್ನು ಬೀಗ ಹಾಕಿ ಇಡಬೇಡಿ. ಒಡಹುಟ್ಟಿದವರನ್ನು ಕರೆದು ಒಟ್ಟಿಗೆ ಮೂಸಿ, ಅದರಲ್ಲಿ ಏನೇನು ಬೆರೆತಿದೆ ಎಂದು ಈಗಲೇ ಬರೆದಿಟ್ಟುಕೊಳ್ಳಿ: ಯಾವ ಗಾಣದ ಎಣ್ಣೆ, ಯಾವ ಸೋಪು, ಯಾವ ಊದುಬತ್ತಿ, ಮುಡಿಗೆ ಯಾವ ಹೂವು. ಅಂಗಡಿಯಲ್ಲಿ ಅವು ಇಂದಿಗೂ ಸಿಗುತ್ತಿದ್ದರೆ ತಂದು ಬಳಸಿ. ಕಪಾಟಿನಲ್ಲಿ ನುಸಿಗುಳಿಗೆ ಇದ್ದರೆ ಇವತ್ತೇ ತೆಗೆಯಿರಿ, ಸೀರೆಗೆ ಅದರ ವಾಸನೆ ತಾಗಿದ್ದರೆ ಒಗೆಯದೆ, ಬಿಸಿಲಿಗೂ ಹಾಕದೆ, ನೆರಳಿನಲ್ಲಿ ಗಾಳಿಯಾಡುವ ಕಡೆ ಕೆಲವು ದಿನ ಹರವಿಡಿ.