ಕಪ್ಪು ಹಡಗು, ನೀಲಿ ಹಡಗು

ಪ್ರಶ್ನೆ: ಕಾಕಾ ಅವರ ಟ್ರಂಕಿನಾಗ ಎರಡು ಪೋಸ್ಟ್‌ಕಾರ್ಡ್ ಸಿಕ್ಕಾವ. ಒಂದರಾಗ ‘ಫ್ರಾನ್ಸ್’ ಅಂತ ಕಪ್ಪು ಹಡಗು, ಇನ್ನೊಂದರಾಗ ‘ನಾರ್ವೆ’ ಅಂತ ನೀಲಿ ಹಡಗು. ಹೊಗೆಕೊಳವಿ ಮಾತ್ರ ಒಂದೇ ನಮೂನಿ. ಅಂಚೆ ಮುದ್ರೆ ಇಲ್ಲ. ಯಾವ ಕಾಲದವು? ಹ್ಯಾಂಗ ಇಟ್ಕೋಬೇಕ್ರಿ?
— ಓದುಗರೊಬ್ಬರು, ಬ್ರಹ್ಮಪುರ, ಕಲಬುರಗಿ

ಉತ್ತರ: ಹೆಸರು, ಬಣ್ಣ ಬೇರೆಯಾದರೂ ಹಡಗು ಒಂದೇ. ಪಕ್ಕಕ್ಕೆ ರೆಕ್ಕೆ ಚಾಚಿದ ಆ ಎರಡು ಕೊಳವೆಗಳೇ ಗುರುತು. 1960ರಲ್ಲಿ ನೀರಿಗಿಳಿದ ‘ಫ್ರಾನ್ಸ್’ 1962ರಿಂದ 1974ರವರೆಗೆ ಅಟ್ಲಾಂಟಿಕ್ ದಾಟಿಸುತ್ತಿತ್ತು. ಕಪ್ಪು ಒಡಲು, ಕೆಂಪು ಕೊಳವೆ ಆಗಿನದು. ಜನ ವಿಮಾನ ಹತ್ತಿದರು, ತೈಲ ದುಬಾರಿಯಾಯಿತು, ಸರ್ಕಾರದ ಸಹಾಯಧನವೂ ನಿಂತಿತು. 1979ರಲ್ಲಿ ಅದನ್ನು ಕೊಂಡ ನಾರ್ವೆ ದೇಶದ ಕಂಪನಿ ‘ನಾರ್ವೆ’ ಎಂದು ಹೆಸರಿಟ್ಟು ನೀಲಿ ಬಣ್ಣ ಬಳಿಸಿತು; ವಿಹಾರಕ್ಕೆ ಅಷ್ಟು ವೇಗ ಬೇಡವೆಂದು ನಾಲ್ಕು ಪ್ರೊಪೆಲರ್‌ಗಳಲ್ಲಿ ಎರಡನ್ನು ತೆಗೆಸಿತು. ಸಣ್ಣ ದ್ವೀಪಗಳ ದಡಕ್ಕೆ ಜನರನ್ನು ಒಯ್ಯಲು ಮುಂದಿನ ಡೆಕ್ ಮೇಲೆ ಎರಡು ದೊಡ್ಡ ದೋಣಿ ಇಟ್ಟಿತು.

ನೀಲಿ ಕಾರ್ಡಿನಲ್ಲಿ ಕೊಳವೆಗಳ ಸುತ್ತ ನೋಡಿ. 1990ರಲ್ಲಿ ಅಲ್ಲಿ ಎರಡು ಅಂತಸ್ತು ಕಟ್ಟಿದರು (ಅಂದ ಕೆಟ್ಟಿದ್ದು ಆಗಲೇ). ಅವಿಲ್ಲದಿದ್ದರೆ ಚಿತ್ರ 1980ರ ದಶಕದ್ದು. ಚಿತ್ರದ ಕಾಲವಷ್ಟೇ, ಅಚ್ಚಾದ ಕಾಲವಲ್ಲ. ಹಳೆಯ ಕಾರ್ಡನ್ನೂ ಅಂಗಡಿಗಳು ಮಾರುತ್ತಲೇ ಇರುತ್ತವೆ. 2003ರಲ್ಲಿ ಮಯಾಮಿಯಲ್ಲಿ ಬಾಯ್ಲರ್ ಸಿಡಿದ ಮೇಲೆ ಅದು ಪ್ರವಾಸಿಗರನ್ನು ಹೊರಲಿಲ್ಲ. 2006ರಲ್ಲಿ ಹಳೆಯ ಹಡಗು ಒಡೆಯುವ ಗುಜರಾತಿನ ಅಲಂಗ್‌ಗೆ ಬಂದು, ಆಮೇಲೆ ಬಿಡಿಬಿಡಿಯಾಯಿತು.

ಲ್ಯಾಮಿನೇಷನ್ ಬೇಡವೇ ಬೇಡ. ಪಿವಿಸಿ ಎಂಬ ಪ್ಲಾಸ್ಟಿಕ್ ಹಾಳೆಯ ಆಲ್ಬಮ್ ನಿಮ್ಮ ಕಡೆಯ ಬೇಸಿಗೆಗೆ ಅಂಟಂಟಾಗಿ ಬಣ್ಣ ಕೀಳುತ್ತದೆ. ಪಾಲಿಪ್ರಾಪಿಲೀನ್ ಎಂಬ ಬೇರೆ ಪ್ಲಾಸ್ಟಿಕ್ಕಿನ ಕವರ್ ತೊಗೊಳ್ಳಿ. ಹಿಂದೆ ಬರೆಯುವುದಿದ್ದರೆ ಮೆದು ಪೆನ್ಸಿಲ್ಲಿನಲ್ಲಿ, ಮೂಲೆಯಲ್ಲಿ.