ಏಳು ಜನರ ಹಾಸಿಗೆ, ಒಂದು ಹಗ್ಗ

ಸಂಪಾದಕರ ಉತ್ತರ

ಸಾಗರ ತಾಲ್ಲೂಕಿನಿಂದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಹೀಗಿದೆ: "ಮನೆಯಲ್ಲಿ ಏಳು ಜನ. ಅತ್ತೆ, ಮಾವ, ನಾವಿಬ್ಬರು, ಮೈದುನ, ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ. ನಾನು ಶಾಲೆಯಲ್ಲಿ ಟೀಚರ್. ಭಾನುವಾರ ಬಂತೆಂದರೆ ಎಲ್ಲ ಹಾಸಿಗೆಯ ಚಾದರ, ದಿಂಬಿನ ಕವರು, ಹೊದಿಕೆ ಎಳೆದು ಮೆಷಿನ್ನಿಗೆ ಹಾಕುತ್ತೇನೆ. ಮಗ ಇನ್ನೂ ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾನೆ. ಈಗ ಪುಷ್ಯ ಮಳೆ. ಹೋದ ಭಾನುವಾರ ಒಗೆದದ್ದು ಬುಧವಾರವಾದರೂ ಹಸಿ ಹಸಿ, ಮುಗ್ಗು ವಾಸನೆ ಬೇರೆ. ಹಾಸಿಗೆ ಬಟ್ಟೆಯನ್ನು ಬೇರೆ ಬಟ್ಟೆಯ ಜೊತೆ ಹಾಕಿದರೆ ಅತ್ತೆಯವರಿಗೆ ಆಗುವುದಿಲ್ಲ. ವಾರಕ್ಕೊಮ್ಮೆ ಒಗೆಯಲೇಬೇಕಾ? ಡ್ರೈಯರ್ ತೆಗೆದುಕೊಳ್ಳಲಾ? ಸವೆದ ಚಾದರಗಳು ಕಪಾಟಿನಲ್ಲಿ ರಾಶಿ ಬಿದ್ದಿವೆ, ಅವನ್ನು ಏನು ಮಾಡಲಿ?"

ನಮಸ್ಕಾರ ಟೀಚರ್,

ಪತ್ರ ಓದಿ ಮೊದಲು ಒಂದು ಲೆಕ್ಕ ಹಾಕಿದೆ. ಡಬಲ್ ಮಂಚದ ಚಾದರ ಸಾಮಾನ್ಯವಾಗಿ 90 ಇಂಚು ಅಗಲ, 100 ಇಂಚು ಉದ್ದ ಇರುತ್ತದೆ. ಅದನ್ನು ನಡುವಿಗೆ ಮಡಿಸಿ ಹಗ್ಗದ ಮೇಲೆ ಹಾಕಿದರೆ ಅದೊಂದಕ್ಕೇ ಏಳೂವರೆ ಅಡಿ ಹಗ್ಗ ಬೇಕು. ಸಿಂಗಲ್ ಚಾದರಕ್ಕೆ ಐದು ಅಡಿ. ನಿಮ್ಮ ಮನೆಯಲ್ಲಿ ಡಬಲ್ ಒಂದು, ಸಿಂಗಲ್ ನಾಲ್ಕು ಎಂದಿಟ್ಟುಕೊಂಡರೆ ಇಪ್ಪತ್ತೇಳೂವರೆ ಅಡಿ ಆಯಿತು. ಏಳು ಹೊದಿಕೆ ಸೇರಿಸಿದರೆ ಅರವತ್ತು ಅಡಿ ದಾಟಿತು. ಮಳೆಗಾಲದಲ್ಲಿ ಸೂರಿನ ಕೆಳಗೆ ಅರವತ್ತು ಅಡಿ ಹಗ್ಗ ಯಾರ ಮನೆಯಲ್ಲಿದೆ ಹೇಳಿ. ಅಷ್ಟು ಜಾಗ ಇಲ್ಲದ್ದಕ್ಕೇ ಒಂದರ ಮೇಲೊಂದು ಹಾಕುತ್ತೇವೆ, ನಾಲ್ಕು ಪದರ ಆಗುತ್ತದೆ, ಒಳಗಿನದಕ್ಕೆ ಗಾಳಿ ಹೋಗುವುದಿಲ್ಲ. ಮೆಷಿನ್ ಮಧ್ಯಾಹ್ನದೊಳಗೆ ತನ್ನ ಕೆಲಸ ಮುಗಿಸಿ ಕೂತಿರುತ್ತದೆ. ಬುಧವಾರದವರೆಗೆ ಎಳೆಯುವುದು ಹಗ್ಗ.

ಹಾಗಾಗಿ ನಿಮ್ಮ ಒಗೆಯುವ ಕೆಲಸವನ್ನು ಮೆಷಿನ್ನಿನ ಕೆ.ಜಿ. ನೋಡಿ ಅಲ್ಲ, ಹಗ್ಗದ ಅಡಿ ನೋಡಿ ಹಂಚಿಕೊಳ್ಳಿ. ಸೂರಿನಡಿ ಎಷ್ಟು ಬಟ್ಟೆ ಒಂದಕ್ಕೊಂದು ತಾಗದೆ ನೇತಾಡುತ್ತದೋ ಅಷ್ಟೇ ಆ ದಿನದ ಪಾಲು. ನನ್ನನ್ನು ಕೇಳಿದರೆ, ಸೋಮವಾರ ಅತ್ತೆ ಮಾವನವರದು, ಬುಧವಾರ ಮಗಳು ಮತ್ತು ಮೈದುನನದು, ಶುಕ್ರವಾರ ನಿಮ್ಮ ಡಬಲ್ ಮಂಚದ್ದು. ಮೆಷಿನ್ ಅರ್ಧ ಖಾಲಿ ಓಡುತ್ತದಲ್ಲ ಎಂದು ಮನಸ್ಸು ಚುರ್ ಎನ್ನಬಹುದು. ನೀರಿನ ಮಟ್ಟ ಇಳಿಸಿ ಹಾಕಿ, ನಷ್ಟವೇನೂ ಆಗುವುದಿಲ್ಲ. ಚಾದರಕ್ಕೆ ಆ ಖಾಲಿ ಜಾಗ ಬೇಕು ಕೂಡ. ತುಂಬಿದ ಡ್ರಮ್ಮಿನಲ್ಲಿ ದೊಡ್ಡ ಬಟ್ಟೆ ಸುತ್ತಿಕೊಂಡು ಉಂಡೆಯಾಗುತ್ತದೆ, ಒಳಗೆ ಸಾಬೂನು ಹೋಗುವುದಿಲ್ಲ, ಹಿಂಡುವಾಗ ಮೆಷಿನ್ ಒಂದು ಕಡೆ ಭಾರವಾಗಿ ಧಡಧಡ ಕುಣಿಯುತ್ತದೆ. ಸುರುಳಿ ಮಾಡದೆ, ಸಡಿಲವಾಗಿ, ಎರಡು ಚಾದರವನ್ನು ಎದುರು ಬದುರು ಬಿಡಿ. ದಿಂಬಿನ ಕವರಿಗೆ ಗುಂಡಿ ಇದ್ದರೆ ಹಾಕಿಬಿಡಿ. ಬಾಯಿ ತೆರೆದ ಕವರು ಸಣ್ಣ ಬಟ್ಟೆಗಳನ್ನೆಲ್ಲ ನುಂಗಿ ಕೂತಿರುತ್ತದೆ.

ಅತ್ತೆಯವರ ಮಾತೂ ಇಲ್ಲಿ ನಿಮ್ಮ ಪರವಾಗಿಯೇ ಇದೆ. ಅವರಿಗದು ಮಡಿಯ ಪ್ರಶ್ನೆ, ಮೆಷಿನ್ನಿಗೆ ತೂಕದ ಪ್ರಶ್ನೆ. ಹಾಸಿಗೆ ಬಟ್ಟೆ ಬೇರೆ ಎಂದು ಇಬ್ಬರೂ ಹೇಳುತ್ತಿದ್ದಾರೆ. ಇದರಲ್ಲಿ ಜಗಳಕ್ಕೆ ಏನೂ ಇಲ್ಲ.

ವಾರಕ್ಕೊಮ್ಮೆ ಒಗೆಯಲೇಬೇಕಾ ಎಂದು ಕೇಳಿದ್ದೀರಿ. ವೈದ್ಯರು ಸಾಮಾನ್ಯವಾಗಿ ವಾರಕ್ಕೊಮ್ಮೆ ಎನ್ನುತ್ತಾರೆ. ಅದಕ್ಕೆ ಒಂದು ಮುಖ್ಯ ಕಾರಣ ದೂಳಿನ ನುಸಿ, ಅಂದರೆ ಡಸ್ಟ್ ಮೈಟ್. ಕಣ್ಣಿಗೆ ಕಾಣದ ಈ ಜೀವಿ ನಮ್ಮ ಮೈಯಿಂದ ಉದುರುವ ಚರ್ಮದ ಪುಡಿ ತಿಂದು ಬದುಕುತ್ತದೆ. ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿಕೊಳ್ಳುತ್ತದೆ. ಮಲೆನಾಡಿನ ಮಳೆಗಾಲ ಅದಕ್ಕೆ ಹಬ್ಬವೇ ಸರಿ. ಬೆಳಗ್ಗೆ ಎದ್ದ ಕೂಡಲೇ ಸೀನು, ಮೂಗು ಸೋರುವುದು, ದಮ್ಮು ಇರುವವರಿಗೆ ತೊಂದರೆ ಕೊಡುವುದು ಹೆಚ್ಚಾಗಿ ಅದರ ಹಿಕ್ಕೆ. ತಣ್ಣೀರಿನಲ್ಲಿ ಒಗೆದರೂ ಆ ಹಿಕ್ಕೆ ಬಹುಪಾಲು ತೊಳೆದು ಹೋಗುತ್ತದೆ, ಆದರೆ ನುಸಿ ಸಾಯಬೇಕಾದರೆ ನೀರು 55–60 ಡಿಗ್ರಿ ಇರಬೇಕು. ನಿಮ್ಮ ಮನೆಯಲ್ಲಿ ಯಾರಿಗಾದರೂ ಉಬ್ಬಸ ಅಥವಾ ದೂಳಿನ ಅಲರ್ಜಿ ಇದೆಯೇ ಎಂದು ನೀವು ಬರೆದಿಲ್ಲ. ಇದ್ದರೆ ಆ ಒಬ್ಬರ ಚಾದರ, ಕವರು, ಹೊದಿಕೆ ವಾರ ತಪ್ಪದೆ ಬಿಸಿನೀರು ಕಾಣಲಿ. ಉಳಿದವರದು, ಮುಖ್ಯವಾಗಿ ಸಂಜೆ ಸ್ನಾನ ಮಾಡಿ ಮಲಗುವ ಹಿರಿಯರದು, ಮಳೆಗಾಲದಲ್ಲಿ ಹತ್ತು ದಿನಕ್ಕೋ ಹದಿನೈದು ದಿನಕ್ಕೋ ಆದರೆ ಆಕಾಶ ಕಳಚಿ ಬೀಳುವುದಿಲ್ಲ. ಜಾಹೀರಾತಿನಲ್ಲಿ ಬಿಳಿ ಚಾದರ ಬೀಸುವ ತಾಯಂದಿರಿಗೆ ಸದಾ ಬಿಸಿಲಿರುತ್ತದೆ. ಜುಲೈ ತಿಂಗಳ ಸಾಗರದಲ್ಲಿ ಅಂಥ ಜಾಹೀರಾತನ್ನು ಯಾರೂ ತೆಗೆದ ಹಾಗೆ ಕಾಣೆ.

ಆದರೆ ದಿಂಬಿನ ಕವರಿಗೆ ಈ ರಿಯಾಯಿತಿ ಇಲ್ಲ. ಚಾದರಕ್ಕಿಂತ ಬೇಗ ಕೊಳೆಯಾಗುವುದು ಅದು, ಕಾರಣ ತಲೆಗೆ ಹಚ್ಚುವ ಎಣ್ಣೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ನಿಮ್ಮ ಕಡೆ ಮಳೆಗಾಲ, ಚಳಿಗಾಲದ ಬೆಳಗಿನ ನಲ್ಲಿ ನೀರು ಅದಕ್ಕಿಂತ ತಣ್ಣಗಿರುತ್ತದೆ. ಆ ನೀರಿನಲ್ಲಿ ಎಷ್ಟು ಪುಡಿ ಸುರಿದರೂ ಎಣ್ಣೆ ನೂಲಿಗೆ ಅಂಟಿಕೊಂಡೇ ಇರುತ್ತದೆ, ಅದೇ ಕಮಟು ವಾಸನೆಯ ಹಳದಿ ಕಲೆಯಾಗುತ್ತದೆ. ಪುಡಿ ಹೆಚ್ಚು ಹಾಕುವುದು ಮದ್ದಲ್ಲ, ಜಾಲಿಸಿದರೂ ಉಳಿಯುವ ಪುಡಿ ಮತ್ತಷ್ಟು ಕೊಳೆ ಹಿಡಿಯುತ್ತದೆ. ಬೇಕಾದ್ದು ಬಿಸಿನೀರು. ಅದು ನಿಮ್ಮಲ್ಲಿದೆ ಎಂದು ನನ್ನ ಊಹೆ: ಮಲೆನಾಡಿನ ಮನೆಯಲ್ಲಿ ಬಚ್ಚಲ ಒಲೆಯ ಹಂಡೆ ಇನ್ನೂ ಕಾಯುತ್ತಲೇ ಇರುತ್ತದೆ. ರಾತ್ರಿ ಎಲ್ಲರ ಸ್ನಾನ ಮುಗಿದ ಮೇಲೆ ಒಂದು ಬಕೆಟ್ ಬಿಸಿನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಚಮಚ ಹಾಕಿ ಕವರುಗಳನ್ನು ಮುಳುಗಿಸಿ ಕೋಲಿನಿಂದ ತಿರುವಿ ಬಿಡಿ. ಬೆಳಗ್ಗೆ ಹಿಂಡಿ ಜಾಲಿಸಿದರೆ ಸಾಕು. ವಾರಕ್ಕೆ ಎರಡು ಸಲ ಮಾಡಿದರೂ ಭಾರವಾಗದ ಕೆಲಸ, ಜಾಗವೂ ಹೆಚ್ಚು ಹಿಡಿಯುವುದಿಲ್ಲ. ದಿಂಬಿನ ಮೇಲೆ ಹಳೆಯ ಟವೆಲ್ ಹಾಸಿಕೊಳ್ಳುವ ಅಜ್ಜಿಯರ ಅಭ್ಯಾಸವನ್ನು ಮಗಳಿಗೆ ಕಲಿಸಿದರೆ ಇನ್ನೂ ಒಳ್ಳೆಯದು.

ಇನ್ನು ಹೊದಿಕೆ. ಹಗ್ಗದ ಅರ್ಧಕ್ಕಿಂತ ಹೆಚ್ಚು ತಿನ್ನುವುದು ಇದೇ. ಇದಕ್ಕೆ ರೈಲ್ವೆಯವರ ಉಪಾಯ ನೋಡಿ. ಎಸಿ ಬೋಗಿಯಲ್ಲಿ ಪ್ರತಿಯೊಬ್ಬರಿಗೂ ಎರಡು ಚಾದರ ಕೊಡುತ್ತಾರೆ, ಕಂಬಳಿ ಒಂದು. 2024ರ ನವೆಂಬರ್‌ನಲ್ಲಿ ರೈಲ್ವೆ ಸಚಿವ ಅಶ್ವಿನಿ ವೈಷ್ಣವ್ ಲೋಕಸಭೆಗೆ ಕೊಟ್ಟ ಉತ್ತರದಲ್ಲಿ, ಕಂಬಳಿಗಳನ್ನು ತಿಂಗಳಿಗೆ ಕನಿಷ್ಠ ಒಂದು ಸಲ ಒಗೆಯುತ್ತಾರೆ, ಕಂಬಳಿಗೆ ಕವರಿನಂತೆ ಬಳಸಲೆಂದೇ ಒಂದು ಚಾದರ ಹೆಚ್ಚು ಕೊಡುತ್ತಾರೆ ಎಂದಿದ್ದರು. ಆಗ ಜನ ಹೌಹಾರಿದರು. ಯಾರ್ಯಾರೋ ಹೊದ್ದು ಬಿಡುವ ಕಂಬಳಿಗೆ ಆ ಲೆಕ್ಕ ನನಗೂ ಹಿಡಿಸುವುದಿಲ್ಲ. ಆದರೆ ಒಬ್ಬರೇ ಹೊದೆಯುವ ಮನೆಯ ಹೊದಿಕೆಗೆ ಅದು ಚೆನ್ನಾಗಿ ಒಪ್ಪುತ್ತದೆ. ಮೈಗೂ ಹೊದಿಕೆಗೂ ನಡುವೆ ತೆಳು ಬಟ್ಟೆ ಒಂದಿದ್ದರೆ ಬೆವರು, ಎಣ್ಣೆ ಅದಕ್ಕೇ ಹತ್ತುತ್ತದೆ, ಹೊದಿಕೆ ತಿಂಗಳವರೆಗೆ ಚೊಕ್ಕಟವಾಗಿರುತ್ತದೆ. ಚುಚ್ಚುತ್ತದೆ ಎಂದು ಕರಿ ಕಂಬಳಿಯ ಒಳಗೆ ಪಂಚೆ ಹೊದ್ದು ಮಲಗುತ್ತಿದ್ದ ಹಿರಿಯರು ಮಾಡಿದ್ದೂ ಅದನ್ನೇ. ಹಳೆಯ ಪಂಚೆ, ಮೆತ್ತಗಾದ ಕಾಟನ್ ಸೀರೆ ಧಾರಾಳ ಸಾಕು. ಹಗ್ಗದ ಮೇಲೆ ಅರ್ಧ ದಿನದಲ್ಲಿ ಒಣಗುತ್ತದೆ. ಸೊಲ್ಲಾಪುರದ ದಪ್ಪ ಚಾದರಗಳನ್ನು ಮಳೆ ಶುರುವಾಗುವ ಮೊದಲೇ ಒಗೆದು ಎತ್ತಿಡಿ. ಮೈ ನಡುಗುವ ಚಳಿ ಬಂದಾಗ ಇಳಿಸಿದರಾಯಿತು.

ಮಗನ ವಿಷಯ. ನಾಲ್ಕು ವರ್ಷಕ್ಕೆ ಇದು ಸಹಜ. ಐದು ದಾಟಿದ ಮೇಲೂ ನಡೆದರೆ ವೈದ್ಯರನ್ನು ಕೇಳಬಹುದು. ಆರು ತಿಂಗಳು ಹಾಸಿಗೆ ಒದ್ದೆ ಮಾಡದೆ ಇದ್ದ ಮಗು ಮತ್ತೆ ಶುರು ಮಾಡಿದರೆ ಮಾತ್ರ ಕಾಯದೆ ತೋರಿಸಬೇಕು. ಬೈದರೆ ಪ್ರಯೋಜನವಿಲ್ಲ, ನಿದ್ದೆಯಲ್ಲಿ ಅವನಿಗೆ ಗೊತ್ತಾಗುವುದೇ ಇಲ್ಲ. ಆದರೆ ಅವನಿಗಾಗಿ ದಿನಾ ಡಬಲ್ ಚಾದರ ಒಗೆಯುವುದನ್ನು ನಿಲ್ಲಿಸಬಹುದು. ಆಸ್ಪತ್ರೆಯ ನರ್ಸ್‌ಗಳು ಹಾಸುವ ರೀತಿ ನೋಡಿದ್ದೀರಾ? ಹಾಸಿಗೆಯ ಮೇಲೆ ರಬ್ಬರ್ ಶೀಟು, ಅದರ ಮೇಲೆ ಪೂರ್ತಿ ಚಾದರ, ಅದರ ಮೇಲೆ ಅವನು ಮಲಗುವ ಜಾಗಕ್ಕೆ ಮಾತ್ರ ಇನ್ನೊಂದು ರಬ್ಬರ್ ತುಂಡು, ಅದರ ಮೇಲೆ ಅಡ್ಡಲಾಗಿ ಅರ್ಧ ಚಾದರ. ರಾತ್ರಿ ಎರಡು ಗಂಟೆಗೆ ಒದ್ದೆಯಾದರೆ ಮೇಲಿನ ಎರಡು ಪದರ ಎಳೆದು ಬಕೆಟ್ಟಿಗೆ ಹಾಕಿ ಮತ್ತೆ ಮಲಗಿ, ಕೆಳಗಿನ ಚಾದರ ಒಣಗಿಯೇ ಇರುತ್ತದೆ. ರಬ್ಬರ್ ಶೀಟು ಮೆಡಿಕಲ್ ಶಾಪಿನಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಬೆಳಗ್ಗೆ ಆ ಬಟ್ಟೆಯನ್ನು ಮೊದಲು ಬರೀ ತಣ್ಣೀರಿನಲ್ಲಿ ಜಾಲಿಸಿ, ಸಾಬೂನು ಆಮೇಲೆ. ವಾಸನೆ ಹೋಗಲಿ ಎಂದು ಮೂತ್ರದ ಬಟ್ಟೆಗೆ ಬ್ಲೀಚಿಂಗ್ ಪುಡಿ ಸುರಿಯಬೇಡಿ. ಮೂತ್ರದ ಅಮೋನಿಯ ಅದಕ್ಕೆ ಸೇರಿದರೆ ಗಂಟಲು ಉರಿಸುವ ಹೊಗೆ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಅದು ಅಪಾಯ.

ಮುಗ್ಗು ವಾಸನೆಗೆ ಬರೋಣ. ನೀವು ಸರಿಯಾಗಿ ಒಗೆದಿಲ್ಲ ಎಂದು ಅದರರ್ಥವಲ್ಲ. ಒಗೆದರೂ ಬಟ್ಟೆಯಲ್ಲಿ ಉಳಿಯುವ ಬ್ಯಾಕ್ಟೀರಿಯಾ (ಮೊರಾಕ್ಸೆಲ್ಲಾ ಅದರಲ್ಲಿ ಮುಖ್ಯವಾದದ್ದು) ಬಟ್ಟೆ ಹಸಿಯಿರುವಷ್ಟು ಹೊತ್ತು ಬೆಳೆಯುತ್ತವೆ. ಹಸಿಯ ಹೊತ್ತು ಕಡಿಮೆಯಾದರೆ ವಾಸನೆಯೂ ಕಡಿಮೆ. ಮೆಷಿನ್ ನಿಂತ ಮೇಲೆ ಸ್ಪಿನ್ ಮಾತ್ರ ಇನ್ನೊಂದು ಸಲ ಓಡಿಸಿ. ಚೆನ್ನಾಗಿ ಹಿಂಡಿದ ಹತ್ತಿ ಬಟ್ಟೆಯಲ್ಲೂ ಅದರ ತೂಕದ ಅರ್ಧದಷ್ಟು ನೀರು ಉಳಿದಿರುತ್ತದೆ, ಕೈಯಲ್ಲಿ ಹಿಂಡಿದ್ದರಲ್ಲಿ ಅದಕ್ಕಿಂತ ಬಹಳ ಹೆಚ್ಚು. ಚಾದರವನ್ನು ಒಂದೇ ಹಗ್ಗದ ಮೇಲೆ ಮಡಿಸುವ ಬದಲು ಒಂದೂವರೆ ಅಡಿ ಅಂತರದ ಎರಡು ಹಗ್ಗದ ಮೇಲೆ ಹರಡಿದರೆ ಎರಡು ಪದರ ಅಂಟಿಕೊಳ್ಳುವುದಿಲ್ಲ, ನಡುವೆ ಗಾಳಿ ಆಡುತ್ತದೆ. ಕೆಳಗೆ ಒಂದು ಟೇಬಲ್ ಫ್ಯಾನ್ ಇಡಿ. ಕೊನೆಯ ತೇವಕ್ಕೆ ಬಚ್ಚಲ ಒಲೆಯ ಮೇಲಿನ ಗಳವೇ ಸೈ, ಹೊಗೆಯ ವಾಸನೆ ಸ್ವಲ್ಪ ಹತ್ತುತ್ತದೆ ಅಷ್ಟೆ. ಮಲಗುವ ಕೋಣೆಯಲ್ಲಿ ಮಾತ್ರ ಕಿಟಕಿ ಮುಚ್ಚಿ ಒಣಗಿಸಬೇಡಿ. ಬಟ್ಟೆಯ ನೀರೆಲ್ಲ ಹಾಸಿಗೆ ಸೇರುತ್ತದೆ, ನುಸಿಗೆ ನಾವೇ ಊಟ ಬಡಿಸಿದಂತಾಗುತ್ತದೆ.

ಈಗ ನೀವು ಕೇಳದೆ ಇರುವ ಒಂದು ಮಾತು. ನಿಮ್ಮ ಪತ್ರದಲ್ಲಿ ಚಾದರ ಎಳೆಯುವವರು ನೀವು, ಮೆಷಿನ್ನಿಗೆ ಹಾಕುವವರು ನೀವು. ಒಣಗಿತಾ ಎಂದು ಬುಧವಾರ ಮುಟ್ಟಿ ನೋಡಿದವರೂ ನೀವೇ ಇರಬೇಕು. ಮನೆಯಲ್ಲಿ ಕೈ ಗಟ್ಟಿಯಿರುವ ಗಂಡಸರು ಇಬ್ಬರಿದ್ದಾರೆ. ಮೈದುನ ಬುಧವಾರ ತನ್ನ ಚಾದರ ತಾನೇ ಎಳೆದು ಮೆಷಿನ್ನಿಗೆ ಹಾಕಲಿ, ಒಂದು ಗುಂಡಿ ಒತ್ತುವುದಕ್ಕೆ ಪರೀಕ್ಷೆ ಪಾಸಾಗಬೇಕಿಲ್ಲ. ಶುಕ್ರವಾರದ ಡಬಲ್ ಚಾದರ ನಿಮ್ಮ ಯಜಮಾನರ ಪಾಲು. ಒದ್ದೆ ಡಬಲ್ ಚಾದರ ಒಬ್ಬರೇ ಎತ್ತಿ ಹರಡುವಂಥದ್ದಲ್ಲ, ಒಂದು ತುದಿ ನೆಲಕ್ಕೆ ತಾಗಿಯೇ ತಾಗುತ್ತದೆ. ಇನ್ನೊಂದು ತುದಿಗೆ ಅವರಿರಲಿ. ಮಗಳಿಗೆ ದಿಂಬಿನ ಕವರು ಬದಲಿಸುವ ಕೆಲಸ. ಮಾವನವರು ಜಗಲಿಯಲ್ಲಿ ಕೂರುವವರಾದರೆ ಮೋಡ ಅವರಿಗೇ ಮೊದಲು ಕಾಣುವುದು. ಅಂಗಳದಲ್ಲಿ ಬಿಸಿಲು ಬಿದ್ದ ಒಂದು ಗಂಟೆಯನ್ನು ಹಿಡಿಯುವುದು, ಹನಿ ಬಿದ್ದ ಕೂಡಲೇ ಕೂಗುವುದು ಅವರ ಖಾತೆಗೆ ಬರಲಿ. ನೀವು ಶಾಲೆಯಲ್ಲಿರುವ ಹೊತ್ತಿಗೆ ಈ ಕಾವಲು ಬೇಕೇ ಬೇಕು. ಇದನ್ನು ಬೇಡಿಕೆಯ ಹಾಗೆ ಕೇಳಬೇಡಿ, ಶಾಲೆಯ ಟೈಮ್‌ಟೇಬಲ್ ಹಾಗೆ ಬರೆದು ಮೆಷಿನ್ನಿನ ಮೇಲೆ ಅಂಟಿಸಿ. ಟೀಚರ್ ಬರೆದದ್ದನ್ನು ಮನೆಯವರು ಓದುತ್ತಾರೆ.

ಡ್ರೈಯರ್ ಈಗ ಬೇಡ ಎನ್ನುತ್ತೇನೆ. ಬಿಸಿಗಾಳಿ ಹೊರಗೆ ಬಿಡುವ ಸಾದಾ ಬಗೆಯದಕ್ಕೆ ಗೋಡೆಯಲ್ಲಿ ಕೊಳವೆಯ ದಾರಿ ಬೇಕು, ಕರೆಂಟು ಚೆನ್ನಾಗಿ ತಿನ್ನುತ್ತದೆ. ಹೀಟ್ ಪಂಪ್ ಬಗೆಯದು ಅದರ ಅರ್ಧದಷ್ಟರಲ್ಲಿ ಓಡಬಹುದು, ಆದರೆ ಬೆಲೆ ಬಹಳ ಹೆಚ್ಚು. ಡ್ರೈಯರ್ ತೀರಾ ಬೇಕೆನಿಸುವ ಜೋರು ಮಳೆಯ ದಿನವೇ ಹಳ್ಳಿಯಲ್ಲಿ ಕರೆಂಟು ಇರುವುದಿಲ್ಲ ಎನ್ನುವುದು ನಿಮಗೆ ನಾನು ಹೇಳಬೇಕಾದ್ದಲ್ಲ. ಮೊದಲು ಜಗಲಿಯ ಮಾಡಿಗೆ ರಾಟೆ ಕಟ್ಟಿ ಮೇಲೆಳೆಯುವ ಹ್ಯಾಂಗರ್ ಹಾಕಿಸಿ, ಒಂದು ಫ್ಯಾನು, ಮಂಚಕ್ಕೆ ಮೂರು ಜೊತೆ ತೆಳು ಚಾದರ. ಬೇಸಿಗೆಗೆ ಎರಡೇ ಜೊತೆ ಸಾಕು, ಮೂರನೆಯದು ಮಳೆಗಾಲಕ್ಕೆ. ಮನೆಯಲ್ಲಿ ಉಬ್ಬಸದವರಿದ್ದು ಒಂದು ಮಳೆಗಾಲ ಹೀಗೆ ಮಾಡಿಯೂ ಆಗದಿದ್ದರೆ ಆಗ ಡ್ರೈಯರ್ ಯೋಚಿಸಿ.

ಕಪಾಟಿನ ರಾಶಿ ಉಳಿಯಿತು. ಡಬಲ್ ಚಾದರ ಸವೆಯುವುದು ಮೈ ಹೊರಳುವ ನಡುವಿನಲ್ಲಿ, ಎರಡೂ ಅಂಚು ಗಟ್ಟಿ ಇರುತ್ತವೆ. ಆ ಅಂಚಿನ ಪಟ್ಟಿಗಳಿಂದ ಮಗನಿಗೆ ಅಡ್ಡ ಹಾಸುವ ಅರ್ಧ ಚಾದರ ಆಗುತ್ತದೆ, ಉಳಿದರೆ ದಿಂಬಿನ ಕವರು. ಉತ್ತರ ಕರ್ನಾಟಕದಲ್ಲಾದರೆ ಇಂಥ ಬಟ್ಟೆಗಳನ್ನು ಪದರ ಪದರವಾಗಿ ಸೇರಿಸಿ ಕೌದಿ ಹೊಲಿಯುತ್ತಾರೆ. ನವರಾತ್ರಿಯ ಘಟ ಹಾಕುವ ಮೊದಲು ಹಾಸಿಗೆ ಹೊದಿಕೆಯನ್ನೆಲ್ಲ ಹಳ್ಳಕ್ಕೆ ಒಯ್ದು ಒಗೆದು ದಂಡೆಯ ಬಂಡೆಗಳ ಮೇಲೆ ಹರವುತ್ತಾರೆ, ಅಲ್ಲಿನ ಬಿಸಿಲಿಗೆ ಸಂಜೆಯೊಳಗೆ ಗರಿಗರಿ. ನಿಮ್ಮ ಊರಿನ ಜುಲೈನಲ್ಲಿ ಕೌದಿ ಒದ್ದೆಯಾದರೆ ಆಗಸ್ಟ್ ಬರಬೇಕು, ಆ ಆಸೆ ಬಿಡಿ. ನಡುವಿನ ಸವೆದ ತುಂಡು ನೆಲ ಒರೆಸಲು ಸಾಕು. ಇನ್ನೂ ತೂತಾಗದ ಎರಡು ಮೂರು ಚಾದರ ಮಾತ್ರ ಎತ್ತಿಡಿ. ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಗೆ ಬರುವ ನೆಂಟರಿಗೆ ಜಮಖಾನದ ಮೇಲೆ ಹಾಸಲು ಬೇಕಾಗುತ್ತವೆ.