ಚಿಮಣಿ ಬಿಡಿ, ಮೊದಲು ಮೀಟರಿನ ಡೇಟಾ ಶೀಟ್ ಕೇಳಿ

ಬೆಳಗಾವಿಯಲ್ಲಿ ಎಂ.ಟೆಕ್. ಮಾಡುತ್ತಿದ್ದೀರಿ. ಸಕ್ಕರೆ ಕಾರ್ಖಾನೆಯವರ ಫ್ಲೂ ಗ್ಯಾಸ್ (ಚಿಮಣಿಯ ಹೊಗೆ) ಅನಲೈಸರ್ ಬಾಡಿಗೆಗೆ ತಂದು ತೈಲ ರಿಫೈನರಿಯ ಚಿಮಣಿಗೆ ಹಿಡಿದರೆ ಕಾರ್ಬನ್ ಡೈಆಕ್ಸೈಡ್ ಲೆಕ್ಕ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಬಾಗಲಕೋಟೆಯಿಂದ ಹೋಗಿ ನಾನೂ ಇದೇ ಯೋಚನೆಯಲ್ಲಿ ಒಂದು ರಿಫೈನರಿಯ ಗೇಟಿನ ಮುಂದೆ ನಿಂತಿದ್ದೆ. ಬ್ಯಾಡ್ರಿ. ಕೈಯಲ್ಲಿ ಹಿಡಿಯುವ ಅನಲೈಸರ್‌ಗಳಲ್ಲಿ ಹೆಚ್ಚಿನವು ಅಳೆಯುವುದು ಆಮ್ಲಜನಕವನ್ನು. ಪರದೆಯ ಮೇಲೆ ಕಾಣುವ ಕಾರ್ಬನ್ ಡೈಆಕ್ಸೈಡ್, ಮೆನುವಿನಲ್ಲಿ ಆರಿಸಿದ ಇಂಧನದ ಮೇಲೆ ಕಟ್ಟಿದ ಲೆಕ್ಕ. ರಿಫೈನರಿ ಸುಡುವುದು ತನ್ನಲ್ಲೇ ಹುಟ್ಟಿದ, ಹೈಡ್ರೋಜನ್ ತುಂಬಿದ ಗ್ಯಾಸನ್ನು; ಅದಕ್ಕೆ ಆ ಪಟ್ಟಿಯ ಯಾವ ಇಂಧನವೂ ಹೊಂದುವುದಿಲ್ಲ. ಮೇಲಾಗಿ ಚಿಮಣಿಯ ಹರಿವು ಬೇರೆ ಅಳೆಯಬೇಕು, ಚಿಮಣಿಗಳೂ ಒಂದೆರಡಲ್ಲ.

ಸುಟ್ಟ ಇಂಧನವನ್ನು ಅಳೆಯಿರಿ. ಅದರಲ್ಲಿರುವ ಇಂಗಾಲದ ತೂಕವನ್ನು 44/12ರಿಂದ ಗುಣಿಸಿದರೆ ಮುಗಿಯಿತು.

ನಾನು ಎಡವಿದ್ದು ಮೀಟರಿನಲ್ಲಿ. ಇಂಧನದ ಪೈಪಿನಲ್ಲಿರುವ ಆರಿಫಿಸ್ ಮೀಟರ್, ಅಂದರೆ ತೂತಿರುವ ತಟ್ಟೆ ಕೂರಿಸಿದ ಹರಿವಿನ ಮೀಟರ್, ತೂಗುವುದಿಲ್ಲ ನೋಡ್ರಿ. ತಟ್ಟೆಯ ಎರಡು ಬದಿಯ ಒತ್ತಡದ ವ್ಯತ್ಯಾಸವನ್ನಷ್ಟೇ ನೋಡುತ್ತದೆ. ಅದನ್ನು ಟನ್ನಿಗೆ ತಿರುಗಿಸುವಾಗ ಡಿಸೈನ್ ಮಾಡಿದವರು ಹಿಡಿದು ಡೇಟಾ ಶೀಟಿನಲ್ಲಿ ಬರೆದ ಅಣುತೂಕವನ್ನು ನಂಬುತ್ತದೆ. ಒತ್ತಡ, ಉಷ್ಣತೆಯ ತಿದ್ದುಪಡಿ ಕಂಟ್ರೋಲ್ ರೂಮಿನಲ್ಲಿ ತಾನೇ ಆಗುತ್ತಿತ್ತು, ಹಾಗಾಗಿ ಎಲ್ಲವೂ ಸರಿ ಇದೆ ಎಂದುಕೊಂಡೆ. ಅಣುತೂಕದ ತಿದ್ದುಪಡಿ ಇರಲೇ ಇಲ್ಲ.

ಡಿಸೈನ್ ಅಣುತೂಕ 20 ಎಂದುಕೊಳ್ಳಿ. ಹರಿಯುತ್ತಿರುವುದು, ಮೋಲ್ ಲೆಕ್ಕದಲ್ಲಿ, 40% ಹೈಡ್ರೋಜನ್, 40% ಮೀಥೇನ್, 20% ಈಥೇನ್: ಅಣುತೂಕ 13.2. ನಿಜವಾದ ತೂಕ = ತೋರಿಸಿದ ತೂಕ × √(13.2/20). ಮೀಟರಿನ 100 ಟನ್, ನಿಜದಲ್ಲಿ 81 ಟನ್. ಈ ಗ್ಯಾಸಿನ ಒಂದು ಕಿಲೋಮೋಲ್‌ನಲ್ಲಿ 0.8 ಕಿಲೋಮೋಲ್ ಇಂಗಾಲ, ಅದರಿಂದ 35.2 ಕೆ.ಜಿ. ಕಾರ್ಬನ್ ಡೈಆಕ್ಸೈಡ್, ಅಂದರೆ ಟನ್ನಿಗೆ 2.67 ಟನ್. ಒಟ್ಟು ಸುಮಾರು 217 ಟನ್. ನಾನು ಮಾಡಿದ ಹಾಗೆ ಮೀಟರಿನ ಅಂಕಿಗೆ ನೇರವಾಗಿ ಐಪಿಸಿಸಿಯ (ವಿಶ್ವಸಂಸ್ಥೆಯ ಹವಾಮಾನ ಸಮಿತಿಯ) 2006ರ ಡೀಫಾಲ್ಟ್, ಅಂದರೆ ಸ್ವಂತ ಡೇಟಾ ಇಲ್ಲದವರಿಗೆ ಕೊಟ್ಟ ಸಿದ್ಧ ಅಂಕಿ, ಹಾಕಿದರೆ, ಸಾವಿರ ಟನ್ನಿಗೆ 49.5 ಟೆರಾಜೌಲ್, ಟೆರಾಜೌಲಿಗೆ 57.6 ಟನ್ ಎಂದು ಹಿಡಿದು, 285 ಬರುತ್ತದೆ. ಹನ್ನೆರಡು ತಿಂಗಳ ಲೆಕ್ಕವನ್ನು ಮೊದಲಿನಿಂದ ಮಾಡಬೇಕಾಯಿತು.

ನಮ್ಮಂಥ ದೇಶದಲ್ಲಿ ಡೇಟಾ ಸಿಗುವುದಿಲ್ಲ, ಡೀಫಾಲ್ಟ್ ಸಾಕು ಎನ್ನುವವರ ಮಾತು ಕೇಳಬೇಡಿ. ರಿಫೈನರಿಯ ಲ್ಯಾಬಿನಲ್ಲಿ, ಗ್ಯಾಸಿನಲ್ಲಿ ಯಾವುದು ಎಷ್ಟಿದೆ ಎಂದು ಬಿಡಿಸಿ ಹೇಳುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಇರುತ್ತದೆ. ವರದಿಯಲ್ಲಿ ಹೈಡ್ರೋಜನ್ನನ್ನು ನಿಜವಾಗಿ ಅಳೆದಿದ್ದಾರೋ, ಅದನ್ನು ಬಿಟ್ಟು ಉಳಿದದ್ದನ್ನು ನೂರಕ್ಕೆ ಹೊಂದಿಸಿದ್ದಾರೋ ಕೇಳಿ.

ಹೈಡ್ರೋಜನ್ ತಯಾರಿಸುವ ಘಟಕದಲ್ಲಿ ಫೀಡಿನ (ಒಳಗೆ ಹೋಗುವ ಕಚ್ಚಾವಸ್ತುವಿನ) ಇಂಗಾಲವನ್ನು ಒಮ್ಮೆ ಎಣಿಸಿದರೆ, ಹೈಡ್ರೋಜನ್ ತೆಗೆದ ಮೇಲೆ ಉಳಿದು ಫರ್ನೇಸಿಗೆ ಮರಳುವ ಟೇಲ್ ಗ್ಯಾಸನ್ನು ಮತ್ತೆ ಎಣಿಸಬಾರದು.

ಅನಲೈಸರ್ ನಿಜಕ್ಕೂ ಬೇಕಾಗುವುದು ಭಾರದ ತೈಲವನ್ನು ಒಡೆಯುವ ಕ್ಯಾಟಲಿಟಿಕ್ ಕ್ರ್ಯಾಕರಿನ ರೀಜನರೇಟರ್‌ನಲ್ಲಿ. ಕ್ಯಾಟಲಿಸ್ಟಿಗೆ ಅಂಟಿದ ಕೋಕ್ (ಇಂಗಾಲದ ಮಸಿ) ಅಲ್ಲಿ ಸುಡುತ್ತದೆ, ಅದಕ್ಕೆ ಮೀಟರೇ ಇಲ್ಲ. ಅನಿಲಗಳನ್ನು ಶೇಕಡಾದಲ್ಲಿ ಹಿಡಿದು, ಒಣ ಫ್ಲೂ ಗ್ಯಾಸ್ = ಒಣ ಗಾಳಿ × 79 / (100 − ಕಾರ್ಬನ್ ಡೈಆಕ್ಸೈಡ್ − ಕಾರ್ಬನ್ ಮಾನಾಕ್ಸೈಡ್ − ಆಮ್ಲಜನಕ). ಸ್ಯಾಂಪಲ್ ಕಾರ್ಬನ್ ಮಾನಾಕ್ಸೈಡ್ ಸುಡುವ ಬಾಯ್ಲರಿಗಿಂತ ಮೊದಲೇ ತೆಗೆಯಬೇಕು, ಕಾರ್ಬನ್ ಡೈಆಕ್ಸೈಡ್, ಕಾರ್ಬನ್ ಮಾನಾಕ್ಸೈಡ್ ಎರಡರ ಇಂಗಾಲವನ್ನೂ ಕೂಡಿಸಬೇಕು. ಬಾಡಿಗೆ ಹಣ ಇದಕ್ಕೆ ಇಟ್ಟುಕೊಳ್ಳಿ, ಮತ್ತು ಅವೆರಡನ್ನೂ ನೇರವಾಗಿ ಅಳೆಯುವ ಇನ್‌ಫ್ರಾರೆಡ್ ಸೆಲ್ ಇರುವ ಉಪಕರಣವನ್ನೇ ತನ್ನಿ.